ಸವೆಯುವ ಗುಡ್ಡದ ಮೇಲೊಂದು ಊರು

ಗುಡ್ಡದ ನೆತ್ತಿಯ ಮೇಲೆ ಊರು ಕಟ್ಟುವುದು ಇಟಲಿ ದೇಶದಲ್ಲಿ ಬಹು ಹಳೆಯ ಪದ್ಧತಿ. ರೋಮ್ ನಗರದಿಂದ ಉತ್ತರಕ್ಕೆ ಹೊರಟವನಿಗೆ ದಾರಿಯ ಎರಡು ಪಕ್ಕಗಳಲ್ಲಿಯೂ ಇಂಥ ಊರುಗಳು ಒಂದಾದ ಮೇಲೊಂದು ಕಾಣಬರುತ್ತವೆ. ಕೆಳಗೆ ದ್ರಾಕ್ಷಿಯ ತೋಟಗಳು, ಆಲಿವ್ ಮರಗಳ ಸಾಲುಗಳು. ಮೇಲೆ ಕಡಿದಾದ ಬಂಡೆ. ಬಂಡೆಯ ತುದಿಯಲ್ಲಿ ಒತ್ತಾಗಿ ಸೇರಿಕೊಂಡ ಕಲ್ಲುಮನೆಗಳು. ಅವುಗಳ ನಡುವೆ ಒಂದು ಗಂಟೆಗೋಪುರ. ಶತ್ರುಗಳ ಭಯವಿದ್ದ ಕಾಲದಲ್ಲಿ ಎತ್ತರವೇ ಕೋಟೆಯಾಗಿದ್ದಿತು. ತಗ್ಗಿನ ಜೌಗುನೆಲದಲ್ಲಿ ಮಲೇರಿಯದ ಕಾಟವೂ ಇದ್ದಿತು. ಆದುದರಿಂದ ಜನರು ದಿನವೂ ಹತ್ತಿ ಇಳಿಯುವ ಶ್ರಮವನ್ನು ಸಹಿಸಿ ಮೇಲೆಯೇ ನೆಲಸಿದರು.

ಈ ಊರುಗಳಲ್ಲಿ ಒಂದಕ್ಕೆ ವಾಚಕರನ್ನು ಕರೆದುಕೊಂಡು ಹೋಗಬೇಕೆಂದು ನಮ್ಮ ಆಶೆ. ಅದರ ಹೆಸರು ಚೀವಿತಾ ದಿ ಬಾನ್ಯೊರೇಜೊ. ಇಟಲಿಯವರು ಅದನ್ನು 'ಸಾಯುತ್ತಿರುವ ಊರು' ಎಂದೂ ಕರೆಯುವುದುಂಟು. ಈ ಮಾತನ್ನು ಪ್ರಚಾರಕ್ಕೆ ತಂದವನು ಬೊನವೆಂತೂರ ತೆಕ್ಕಿ ಎಂಬ ಕಾದಂಬರಿಕಾರ (1896-1968). ಅವನು ಆ ನೆರೆಯಲ್ಲಿಯೇ ಹುಟ್ಟಿ ಬೆಳೆದವನು. ಮನುಷ್ಯರು ಸಾಯುವುದನ್ನು ನಾವು ಬಲ್ಲೆವು. ಊರು ಸಾಯುವುದೆಂದರೇನು? ಬರಗಾಲದಿಂದಲೋ ಯುದ್ಧದಿಂದಲೋ ಹಾಳಾದ ಊರುಗಳ ಕಥೆ ಚರಿತ್ರೆಯಲ್ಲಿ ಬೇಕಾದಷ್ಟಿದೆ. ಆದರೆ ಚೀವಿತಾ ಸಾಯುತ್ತಿರುವುದು ಅದರ ಅಡಿಯ ನೆಲವೇ ಸವೆದುಹೋಗುತ್ತಿರುವುದರಿಂದ. ಹೀಗೇಕಾಗುತ್ತದೆ ಎಂಬುದನ್ನು ತಿಳಿದರೆ ಭೂವಿಜ್ಞಾನದ ಒಂದು ಒಳ್ಳೆಯ ಪಾಠವನ್ನು ಕಲಿತಂತಾಗುವುದು.

ಊರಿಗೆ ದಾರಿ

ರೋಮಿನಿಂದ ರೈಲಿನಲ್ಲಿ ಉತ್ತರಕ್ಕೆ ಹೋದರೆ ಓರ್ವಿಯೇತೊ ಎಂಬ ಪಟ್ಟಣ ಸಿಕ್ಕುತ್ತದೆ. ಅದೂ ಕಡಿದಾದ ಬಂಡೆಯ ಮೇಲೆ ನಿಂತ ಊರು. 1290ರಲ್ಲಿ ಆರಂಭವಾದ ಅದರ ದೊಡ್ಡ ಇಗರ್ಜಿ ಜಗತ್ಪ್ರಸಿದ್ಧವಾದುದು. ಅಲ್ಲಿಂದ ಸುಮಾರು 20 ಕಿಲೋಮೀಟರು ಬಸ್ಸಿನಲ್ಲಿ ಸಾಗಿದರೆ ಬಾನ್ಯೊರೇಜೊ ಪಟ್ಟಣವನ್ನು ಸೇರಬಹುದು. ಇದು ಲಾತ್ಸಿಯೊ ಪ್ರಾಂತದ ವಿತೆರ್ಬೊ ಜಿಲ್ಲೆಗೆ ಸೇರಿದೆ. 'ರಾಜನ ಸ್ನಾನಗೃಹ' ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಈ ಹೆಸರು ಬಂದಿತೆನ್ನುತ್ತಾರೆ. ಪಟ್ಟಣದ ಬೀದಿಯನ್ನು ಹಿಡಿದು ಪೂರ್ವಕ್ಕೆ ನಡೆದು ಹೋದರೆ ಬೀದಿ ಒಮ್ಮೆಲೇ ಮುಗಿದು ನಮ್ಮೆದುರಿಗೆ ಒಂದು ಅಗಲವಾದ ಕಣಿವೆ ತೆರೆದುಕೊಳ್ಳುತ್ತದೆ. ಕಣಿವೆಯ ನಡುವೆ, ಸುತ್ತಣ ನೆಲದಿಂದ ಕತ್ತರಿಸಿಟ್ಟಂತೆ, ಒಂಟಿಯಾಗಿ ನಿಂತ ಗುಡ್ಡ. ಅದರ ನೆತ್ತಿಯ ಮೇಲೆ ಚೀವಿತಾ.

ಸಮುದ್ರಮಟ್ಟದಿಂದ ಊರಿನ ಎತ್ತರ ಸುಮಾರು 443 ಮೀಟರು. ಇಲ್ಲಿಂದ ಅಲ್ಲಿಗೆ ಹೋಗಲು ಇರುವುದು ಒಂದೇ ದಾರಿ: ಸುಮಾರು 300 ಮೀಟರು ಉದ್ದದ, ಕಾಂಕ್ರೀಟಿನ, ಕಾಲ್ನಡಿಗೆಯ ಕಿರುಸೇತುವೆ. ಕೊನೆಯ ಭಾಗದಲ್ಲಿ ಅದು ಬಹಳ ಏರಾಗಿರುವುದರಿಂದ ಮೊದಲ ಸಲ ಹೋಗುವವರು ನಡುನಡುವೆ ನಿಂತು ದಣಿವಾರಿಸಿಕೊಳ್ಳುತ್ತಾರೆ. ನಾವೂ ಅಲ್ಲಿ ಒಂದು ಗಳಿಗೆ ನಿಂತು ಎದುರಿನ ಗುಡ್ಡವನ್ನು ಚೆನ್ನಾಗಿ ನೋಡೋಣ. ಊರೊಳಗಿನ ಮನೆಗಳನ್ನು ನೋಡಲು ಆತುರವಿದ್ದರೂ ನಮ್ಮ ಪಾಠ ಇರುವುದು ಮನೆಗಳ ಕೆಳಗೆ.

ಗುಡ್ಡದ ಪದರಗಳು

ಸೇತುವೆಯ ಮೇಲಿನಿಂದ ನೋಡುವವನಿಗೆ ಗುಡ್ಡದಲ್ಲಿ ಬಣ್ಣ ಬಣ್ಣದ ಪದರಗಳು ಕಾಣುತ್ತವೆ. ಎಲ್ಲಕ್ಕೂ ಮೇಲೆ ಗೋಡೆಯಂತೆ ನೆಟ್ಟಗೆ ನಿಂತ ಕಂದು ಹಳದಿಯ ಬಂಡೆ. ಅದರ ಕೆಳಗೆ ತೆಳುತೆಳುವಾದ ಹಲವು ಪಟ್ಟೆಗಳು. ಅವಕ್ಕೂ ಕೆಳಗೆ, ಕಣಿವೆಯ ತಳದವರೆಗೆ, ಇಳಿಜಾರಾಗಿ ಹರಡಿಕೊಂಡ ಬೂದುಬಣ್ಣದ ಮಣ್ಣು. ಈ ಕ್ರಮವೇ ಊರಿನ ಜಾತಕವೆನ್ನಬಹುದು. ಕೆಳಗಿನಿಂದ ಮೇಲಕ್ಕೆ ಒಂದೊಂದನ್ನಾಗಿ ಪರಿಶೀಲಿಸೋಣ. ಕೆಳಗಿರುವುದು ಹಳೆಯದು, ಮೇಲಿರುವುದು ಹೊಸದು ಎಂಬುದು ಭೂವಿಜ್ಞಾನದ ಮೊದಲ ಸೂತ್ರಗಳಲ್ಲೊಂದು.

ಅಡಿಯಲ್ಲಿರುವ ಬೂದುಬಣ್ಣದ ಮಣ್ಣು ಜೇಡಿ. ಹತ್ತು ಲಕ್ಷ ವರ್ಷಗಳಿಗೂ ಹಿಂದೆ ಈ ಪ್ರದೇಶವೆಲ್ಲ ಸಮುದ್ರದ ತಳವಾಗಿದ್ದಿತು. ನದಿಗಳು ಹೊತ್ತು ತಂದ ಅತಿ ನುಣುಪಾದ ಮಣ್ಣು ಆ ಶಾಂತವಾದ ನೀರಿನ ತಳದಲ್ಲಿ ಕುಳಿತು, ಪದರದ ಮೇಲೆ ಪದರವಾಗಿ ಬೆಳೆಯಿತು. ಇಂದು ಕಡಲಿನಿಂದ ಬಹು ದೂರದಲ್ಲಿರುವ ಈ ಕಣಿವೆಯ ಮಣ್ಣಿನಲ್ಲಿ ಕಡಲ ಚಿಪ್ಪುಗಳು ದೊರೆಯುವುದಕ್ಕೆ ಇದೇ ಕಾರಣ. ಮುಂದೆ ನೆಲ ಮೆಲ್ಲಮೆಲ್ಲನೆ ಮೇಲೆದ್ದಿತು. ಸಮುದ್ರ ಹಿಂದೆ ಸರಿಯಿತು. ಜೇಡಿಯ ತಳ ಒಣನೆಲವಾಯಿತು.

ಆಮೇಲೆ ಬಂದದ್ದು ಬೆಂಕಿ. ಚೀವಿತಾದಿಂದ ಪಶ್ಚಿಮಕ್ಕೆ ಹತ್ತು ಹನ್ನೆರಡು ಕಿಲೋಮೀಟರಿನಲ್ಲಿ ಬೊಲ್ಸೇನ ಎಂಬ ಸುಂದರವಾದ ಸರೋವರವಿದೆ. ಅದರ ವಿಸ್ತಾರ ಸುಮಾರು 114 ಚದರ ಕಿಲೋಮೀಟರು. ಅತ್ಯಂತ ಆಳವಾದಲ್ಲಿ 150 ಮೀಟರಿನಷ್ಟು ನೀರಿದೆ. ಇಂದು ಪ್ರಶಾಂತವಾಗಿರುವ ಈ ಸರೋವರದ ಸುತ್ತಮುತ್ತ ಒಂದು ಕಾಲದಲ್ಲಿ ಅನೇಕ ಜ್ವಾಲಾಮುಖಿಗಳಿದ್ದುವು. ನೆಲದಡಿಯ ಶಿಲಾರಸವು ಹೊರಕ್ಕೆ ಚಿಮ್ಮಿ ಬರಿದಾದಾಗ ಮೇಲಿನ ನೆಲ ಕುಸಿದು, ಆ ತಗ್ಗಿನಲ್ಲಿ ನೀರು ತುಂಬಿ ಸರೋವರವಾಯಿತು. ಆ ಜ್ವಾಲಾಮುಖಿಗಳು ಲಕ್ಷಾಂತರ ವರ್ಷಗಳ ಕಾಲ ಆಗಾಗ ಉಗುಳಿದ ಬೂದಿ, ಬೆಣಚು, ನೊರೆಗಲ್ಲುಗಳು ಜೇಡಿಯ ಮೇಲೆ ಬಿದ್ದು ನಡುವಣ ತೆಳು ಪಟ್ಟೆಗಳಾದುವು. ಕೊನೆಗೆ, ಈಗ್ಗೆ ಸುಮಾರು 3,30,000 ವರ್ಷಗಳ ಹಿಂದೆ, ಒಂದು ಮಹಾಸ್ಫೋಟವಾಯಿತು. ನೂರಾರು ಡಿಗ್ರಿ ಕಾವಿನ ಬೂದಿಯೂ ಅನಿಲವೂ ಕೂಡಿದ ಮೋಡವೊಂದು ನೆಲವನ್ನು ತಬ್ಬಿಕೊಂಡು ಪ್ರವಾಹದಂತೆ ಹರಿದು, ಸುತ್ತಣ ತಗ್ಗುಗಳನ್ನೆಲ್ಲ ತುಂಬಿ, ದಪ್ಪನಾದ ಹಾಸಾಗಿ ನಿಂತಿತು. ಓರ್ವಿಯೇತೊ ಪಟ್ಟಣವನ್ನು ಹೊತ್ತಿರುವುದೂ ಇದೇ ಹಾಸು.

ಬಿಸಿಯಾಗಿ ಕುಳಿತ ಬೂದಿಯ ಕಣಗಳು ಗಾಜಿನಂಥವು. ಬಿಸಿ ಆವಿಯೂ ನೀರೂ ಅವುಗಳ ಮೇಲೆ ಕೆಲಸ ಮಾಡಿದಾಗ ಜಿಯೊಲೈಟ್ ಎಂಬ ಜಾತಿಯ ಖನಿಜಗಳು ಹುಟ್ಟಿ, ಗಾರೆಯಂತೆ ಕಣಕ್ಕೆ ಕಣವನ್ನು ಅಂಟಿಸಿದುವು. ಹೀಗೆ ಸಡಿಲವಾದ ಬೂದಿ ಕಲ್ಲಾಯಿತು. ಇದಕ್ಕೆ ಟಫ್ ಎಂದು ಹೆಸರು; ನಾವು ಬೂದಿಗಲ್ಲು ಎಂದು ಕರೆಯೋಣ. ಇದು ಹಗುರವಾದ, ಸಣ್ಣ ಸಣ್ಣ ರಂಧ್ರಗಳುಳ್ಳ ಕಲ್ಲು. ಗೋಡೆಯಂತೆ ನೆಟ್ಟಗೆ ನಿಲ್ಲುವಷ್ಟು ಗಟ್ಟಿ. ಆದರೆ ಕೈಯುಳಿಯಿಂದ ಕಡಿಯಬಹುದಾದಷ್ಟು ಮೃದು.

ಕಲ್ಲೇ ಊರಾದುದು

ಈಗ ಸೇತುವೆಯನ್ನು ಮುಗಿಸಿ ಮೇಲೆ ಹತ್ತೋಣ. ಊರಿನ ಬಾಗಿಲಾದ ಸಾಂತಾ ಮರಿಯಾ ದ್ವಾರ ಕಟ್ಟಿದ್ದೆಷ್ಟೋ ಅಷ್ಟೇ ಕಡಿದದ್ದೂ ಹೌದು. ಅದರ ದಾರಿಯನ್ನು ಬಂಡೆಯಲ್ಲಿಯೇ ಕೊರೆಯಲಾಗಿದೆ. ಕೊರೆದವರು ಎಟ್ರಸ್ಕನ್ನರು. ರೋಮನರು ಪ್ರಬಲರಾಗುವುದಕ್ಕೆ ಮೊದಲು ಮಧ್ಯ ಇಟಲಿಯಲ್ಲಿ ಬಾಳಿದ ಈ ಜನರು ಸುಮಾರು 2500 ವರ್ಷಗಳ ಹಿಂದೆ ಇಲ್ಲಿ ನೆಲಸಿದರು. ಬೂದಿಗಲ್ಲಿನ ಗುಣವನ್ನು ಅವರು ಚೆನ್ನಾಗಿ ಅರಿತಿದ್ದರು. ಬಂಡೆಯನ್ನು ಕೊರೆದು ಸಮಾಧಿಗಳನ್ನೂ ಉಗ್ರಾಣಗಳನ್ನೂ ಮಾಡಿದರು. ಮಳೆಯ ನೀರು ನಿಲ್ಲದೆ ಹರಿದುಹೋಗುವಂತೆ ಕಾಲುವೆಗಳನ್ನು ತೋಡಿದರು. ಗುಡ್ಡದ ಅಡಿಯಲ್ಲಿ ಈ ಪಕ್ಕದಿಂದ ಆ ಪಕ್ಕಕ್ಕೆ ಸುರಂಗವನ್ನೂ ತೆಗೆದರು. ಅಗೆದ ಕಲ್ಲು ವ್ಯರ್ಥವಾಗುತ್ತಿರಲಿಲ್ಲ. ಅದೇ ಮೇಲಿನ ಮನೆಯ ಗೋಡೆಯಾಗುತ್ತಿದ್ದಿತು.

ಇಂದು ನಮಗೆ ಕಾಣುವ ಮನೆಗಳ ರೂಪ ಮುಖ್ಯವಾಗಿ ಮಧ್ಯಯುಗದ್ದು. ಮನೆಯ ಹೊರಗೋಡೆಗೆ ಅಂಟಿಕೊಂಡು ಮೇಲಿನ ಅಂತಸ್ತಿಗೆ ಹೋಗುವ ಕಲ್ಲಿನ ಮೆಟ್ಟಿಲುಗಳು, ಕಮಾನಿನ ಬಾಗಿಲುಗಳು, ಅಂಗಳಗಳಲ್ಲಿ ಮಳೆನೀರನ್ನು ಹಿಡಿದಿಡುವ ತೊಟ್ಟಿಗಳು. ಇಕ್ಕಟ್ಟಾದ ಓಣಿಗಳೆಲ್ಲ ಬಂದು ಸೇರುವುದು ಒಂದು ಬಯಲಿಗೆ. ಅದರ ಅಂಚಿನಲ್ಲಿ ಸಂತ ದೊನಾತೊನ ಇಗರ್ಜಿ. ಮುಂದುಗಡೆ ಪ್ರಾಚೀನ ಕಾಲದ ಕಂಬಗಳ ಬುಡಗಳು. ಬಯಲಿಗೆ ಇನ್ನೂ ಹಾಸುಗಲ್ಲಿಲ್ಲ. ವರ್ಷಕ್ಕೆ ಎರಡು ಸಾರಿ ಇಲ್ಲಿ ಕತ್ತೆಗಳ ಓಟದ ಪಂದ್ಯ ನಡೆಯುತ್ತದೆ. ಆ ದಿನ ಊರು ಕೇಕೆಯಿಂದ ತುಂಬಿರುತ್ತದೆ.

ಬಯಲನ್ನು ದಾಟಿ ಊರಿನ ಅಂಚಿಗೆ ಹೋಗುವವರಿಗೆ ಬೇರೊಂದು ನೋಟ ಕಾದಿರುತ್ತದೆ. ಅಲ್ಲೊಂದು ಭವ್ಯವಾದ ಮುಂಗೋಡೆ ನಿಂತಿದೆ. ಅದರಲ್ಲಿ ಬಾಗಿಲಿದೆ, ಕಿಟಕಿಗಳಿವೆ. ಕಿಟಕಿಯೊಳಗಿಂದ ನೋಡಿದರೆ ಕೋಣೆ ಕಾಣುವುದಿಲ್ಲ, ಆಕಾಶ ಕಾಣುತ್ತದೆ. ಮುಂಗೋಡೆಯನ್ನು ಬಿಟ್ಟು ಮನೆಯ ಉಳಿದ ಭಾಗ ಕಣಿವೆಗೆ ಬಿದ್ದುಹೋಗಿದೆ. ಹದಿಮೂರನೆಯ ಶತಮಾನದ ಪ್ರಸಿದ್ಧ ದಾರ್ಶನಿಕನಾದ ಸಂತ ಬೊನವೆಂತೂರನು ಹುಟ್ಟಿದುದು ಇದೇ ಊರಿನಲ್ಲಿ. ಅವನು 1274ರಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ತೀರಿಕೊಂಡನು. ಅವನ ಬಾಲ್ಯದ ಮನೆಯೂ ಹೀಗೆಯೇ ಬಂಡೆಯ ಸಂಗಡ ಕುಸಿಯಿತು. ಇಂದು ಆ ಸ್ಥಳವನ್ನು ಒಂದು ಫಲಕದಿಂದ ಗುರುತಿಸಬೇಕಾಗಿದೆ.

ಗುಡ್ಡ ಕುಸಿಯುವ ಬಗೆ

ಸಾವಿರಾರು ವರ್ಷ ನಿಂತ ಬಂಡೆ ಏಕೆ ಬೀಳುತ್ತದೆ? ಕಲ್ಲು ಮೃದುವಾದುದರಿಂದ ಮಳೆಗೆ ಕರಗುತ್ತದೆ ಎಂದು ಮೊದಲ ನೋಟಕ್ಕೆ ತೋರಬಹುದು. ಅದು ಸರಿಯಲ್ಲ. ಬೂದಿಗಲ್ಲು ಮಳೆಯನ್ನು ಸಾಕಷ್ಟು ತಾಳಿಕೊಳ್ಳುತ್ತದೆ. ದೋಷವಿರುವುದು ಕೆಳಗಿನ ಜೇಡಿಯಲ್ಲಿ; ಸರಿಯಾಗಿ ಹೇಳುವುದಾದರೆ, ಎರಡರ ಜೊತೆಯಲ್ಲಿ.

ಜೇಡಿಯ ಕಣ ಮಿಲಿಮೀಟರಿನ ಐನೂರರಲ್ಲೊಂದು ಭಾಗಕ್ಕಿಂತಲೂ ಸಣ್ಣದು. ಆಕಾರದಲ್ಲಿ ತೆಳುವಾದ ಹಾಳೆಯಂತಿರುವುದು. ಈ ಹಾಳೆಗಳ ನಡುವೆ ನೀರು ನುಗ್ಗಿದಾಗ ಜೇಡಿ ಉಬ್ಬುತ್ತದೆ, ಮೆದುವಾಗುತ್ತದೆ. ಬಿಸಿಲಿಗೆ ಒಣಗಿದಾಗ ಕುಗ್ಗಿ ಸೀಳುತ್ತದೆ. ಸಮುದ್ರತಳದ ಜೇಡಿಗೆ ಇನ್ನೊಂದು ಗುಣವುಂಟು. ಉಪ್ಪುನೀರಿನಿಂದ ಬಂದ ಸೋಡಿಯಂ ಅದರಲ್ಲಿ ಉಳಿದಿರುತ್ತದೆ. ಮಳೆಯ ಸಿಹಿನೀರು ತಗಲಿದಾಗ ಸೋಡಿಯಂ ಹಿಡಿದ ಕಣಗಳು ಒಂದನ್ನೊಂದು ದೂರ ತಳ್ಳಿ, ಬಿಡಿಬಿಡಿಯಾಗಿ ನೀರಿನಲ್ಲಿ ತೇಲಿ ಹೋಗುತ್ತವೆ. ಬೇಸಗೆಯ ಸೀಳುಗಳೊಳಗೆ ಶರತ್ಕಾಲದ ಮಳೆ ಇಳಿದು ಹೀಗೆ ಕೊಚ್ಚಿಕೊಂಡು ಹೋಗುವುದರಿಂದ ಚೀವಿತಾದ ಸುತ್ತಣ ಇಳಿಜಾರು ಗರಗಸದ ಹಲ್ಲಿನಂಥ ಏಣುಗಳಾಗಿಯೂ ಕೊರಕಲುಗಳಾಗಿಯೂ ಒಡೆದುಹೋಗಿದೆ. ಇಟಲಿಯವರು ಇಂಥ ಕೊರಕಲು ನೆಲವನ್ನು ಕಲಾಂಕಿ ಎನ್ನುತ್ತಾರೆ. ಅದರಿಂದಲೇ ಈ ಕಣಿವೆಗೂ ಹೆಸರು ಬಂದಿದೆ. ಗುಡ್ಡದ ಎರಡು ಪಕ್ಕಗಳಲ್ಲಿ ಎರಡು ತೊರೆಗಳು ಹರಿಯುತ್ತವೆ. ಒಂದರ ಹೆಸರಿನ ಅರ್ಥ ತಿಳಿನೀರಿನ ತೊರೆ. ಇನ್ನೊಂದರದು ಕದಡಿದ ನೀರಿನ ತೊರೆ. ಜೇಡಿ ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ಎರಡನೆಯ ಹೆಸರೇ ಹೇಳುತ್ತದೆ. ಅದು ಟೈಬರ್ ನದಿಯನ್ನು ಸೇರಿ, ತಾನು ಹುಟ್ಟಿದ ಸಮುದ್ರಕ್ಕೆ ಮರಳುತ್ತಿದೆ.

ಇನ್ನು ಮೇಲಿನ ಬಂಡೆಯ ಪಾಡನ್ನು ನೋಡೋಣ. ಬೂದಿಗಲ್ಲಿನ ರಂಧ್ರಗಳಲ್ಲಿಯೂ ಬಿರುಕುಗಳಲ್ಲಿಯೂ ಮಳೆಯ ನೀರು ಕೆಳಗೆ ಇಳಿಯುತ್ತದೆ. ಜೇಡಿಯನ್ನು ಮುಟ್ಟಿದಾಗ ಅದಕ್ಕೆ ಮುಂದೆ ದಾರಿಯಿಲ್ಲ. ಏಕೆಂದರೆ ಜೇಡಿ ನೀರನ್ನು ಹೀರಿ ಉಬ್ಬಿದರೂ ತನ್ನ ಮೂಲಕ ಹರಿಯಗೊಡುವುದಿಲ್ಲ. ಆದುದರಿಂದ ಎರಡು ಪದರಗಳೂ ಕೂಡುವಲ್ಲಿ ನೀರು ನಿಂತು ಜೇಡಿಯ ಮೇಲ್ಮೈಯನ್ನು ಸದಾ ಒದ್ದೆಯಾಗಿಡುತ್ತದೆ. ಸಾಲದುದಕ್ಕೆ, ತೊರೆಗಳು ಕಣಿವೆಯನ್ನು ಆಳಗೊಳಿಸಿದಂತೆಲ್ಲ ಜೇಡಿಯನ್ನು ಪಕ್ಕದಿಂದ ಒತ್ತಿ ಹಿಡಿದಿದ್ದ ಮಣ್ಣು ಇಲ್ಲವಾಗುತ್ತದೆ. ಲಕ್ಷಾಂತರ ವರ್ಷ ಭಾರದ ಅಡಿಯಲ್ಲಿ ಅದುಮಿಕೊಂಡಿದ್ದ ಜೇಡಿ, ಬಿಟ್ಟ ಸ್ಪಂಜಿನಂತೆ, ಖಾಲಿಯಾದ ಪಕ್ಕಕ್ಕೆ ಹಿಗ್ಗುತ್ತದೆ.

ಜೇಡಿ ಹೀಗೆ ಬಾಗಬಲ್ಲುದು, ಹಿಗ್ಗಬಲ್ಲುದು. ಮೇಲಿನ ಬಂಡೆಗೆ ಆ ಶಕ್ತಿಯಿಲ್ಲ. ತಳ ಪಕ್ಕಕ್ಕೆ ಸರಿದಾಗ ಬಂಡೆ ಬಿರಿಯುತ್ತದೆ. ಅಂಚಿಗೆ ಸಮಾನಾಂತರವಾಗಿ, ಮೇಲಿನಿಂದ ಕೆಳಕ್ಕೆ, ನೇರವಾದ ಬಿರುಕುಗಳು ಹುಟ್ಟುತ್ತವೆ. ಬಿರುಕಿನೊಳಕ್ಕೆ ಮಳೆನೀರು ಇಳಿಯುತ್ತದೆ, ಮರದ ಬೇರು ಇಳಿಯುತ್ತದೆ. ಅದು ವರ್ಷದಿಂದ ವರ್ಷಕ್ಕೆ ಅಗಲವಾಗುತ್ತದೆ. ಕೊನೆಗೊಂದು ದಿನ, ಬಹುಮಟ್ಟಿಗೆ ದೊಡ್ಡ ಮಳೆಯ ಮೇಲೆ, ಹೊರಗಿನ ಹೋಳು ಕಂಬದಂತೆ ಹೊರಕ್ಕೆ ವಾಲಿ ಕಣಿವೆಗೆ ಬೀಳುತ್ತದೆ. ಒಂದು ಹೋಳು ಬಿದ್ದಾಗ ಅದರ ಹಿಂದಿನದು ಅಂಚಾಗುತ್ತದೆ. ಈ ಕಥೆಗೆ ಕೊನೆಯಿಲ್ಲ. ಗುಡ್ಡ ಇರುವಷ್ಟು ಕಾಲವೂ ಅದು ನಡೆಯುತ್ತದೆ.

ಮನುಷ್ಯನೂ ಇದಕ್ಕೆ ತನ್ನ ಪಾಲನ್ನು ಸೇರಿಸಿದನು. ಅಂಚಿನ ಬಂಡೆಯಲ್ಲಿ ಕೊರೆದ ಗವಿಗಳು ಗೋಡೆಯನ್ನು ಟೊಳ್ಳು ಮಾಡಿದುವು. ಇಳಿಜಾರಿನ ಕಾಡನ್ನು ಕಡಿದು ಹೊಲ ಮಾಡಿದುದರಿಂದ ಜೇಡಿಗೆ ಹೊದಿಕೆ ಇಲ್ಲವಾಯಿತು. ಬಿದ್ದುಹೋದ ಅಂಚುಗಳಲ್ಲಿ ಇಂದು ಪಾರಿವಾಳ ಸಾಕಲು ಗೋಡೆಯಲ್ಲಿ ಕೊರೆದ ಚೌಕ ಗೂಡುಗಳ ಸಾಲುಗಳು ಬಯಲಿಗೆ ಬಂದಿರುವುದನ್ನು ಕಾಣಬಹುದು. ಒಂದು ಕಾಲಕ್ಕೆ ಅವು ಗುಡ್ಡದ ಒಳಗಿದ್ದುವು.

ಮನೆಯಲ್ಲಿ ಮಾಡಬಹುದಾದ ಪ್ರಯೋಗ

ಇದನ್ನು ಕಣ್ಣಾರೆ ನೋಡಬೇಕೆನ್ನುವ ವಿದ್ಯಾರ್ಥಿಗಳು ಒಂದು ಸುಲಭವಾದ ಪ್ರಯೋಗವನ್ನು ಮಾಡಬಹುದು. ಕುಂಬಾರರ ಜೇಡಿಮಣ್ಣನ್ನು ನಾದಿ, ಇಟ್ಟಿಗೆಯ ಗಾತ್ರದ ಒಂದು ಗಟ್ಟಿಯನ್ನು ಮಾಡಿ, ನೆರಳಿನಲ್ಲಿ ಚೆನ್ನಾಗಿ ಒಣಗಿಸಿರಿ. ಅದನ್ನು ಅಗಲವಾದ ತಟ್ಟೆಯಲ್ಲಿಟ್ಟು, ಅದರ ಮೇಲೆ ಸುಟ್ಟ ಇಟ್ಟಿಗೆಯ ಚಿಕ್ಕ ಚಿಕ್ಕ ತುಂಡುಗಳನ್ನು ಒಂದಕ್ಕೊಂದು ತಗಲುವಂತೆ ಅಂಚಿನವರೆಗೂ ಜೋಡಿಸಿರಿ. ಜೇಡಿಯೇ ಗುಡ್ಡದ ತಳ; ತುಂಡುಗಳೇ ಬಿರುಕು ಬಿಟ್ಟ ಬಂಡೆ. ಈಗ ತಟ್ಟೆಗೆ ಒಂದು ಬೆರಳಿನಷ್ಟು ನೀರು ಹೊಯ್ದು ಸುಮ್ಮನೆ ಕಾದಿರಿ.

ಜೇಡಿಯ ಬುಡದಿಂದ ಗಾಳಿಯ ಗುಳ್ಳೆಗಳು ಏಳುತ್ತವೆ, ಮಣ್ಣು ಪುಡಿಪುಡಿಯಾಗಿ ಕಳಚುತ್ತದೆ, ಪಕ್ಕಗಳು ಜಾರುತ್ತವೆ, ಅಂಚಿನ ಇಟ್ಟಿಗೆ ತುಂಡುಗಳು ವಾಲಿ ನೀರಿಗೆ ಬೀಳುತ್ತವೆ. ನಡುವಿನ ತುಂಡುಗಳು ಆಗಲೂ ಸ್ವಸ್ಥಾನದಲ್ಲಿರುತ್ತವೆ. ಬಿದ್ದ ತುಂಡುಗಳನ್ನು ಎತ್ತಿ ನೋಡಿರಿ. ಅವಕ್ಕೆ ನೀರಿನಿಂದ ಯಾವ ಕೇಡೂ ಆಗಿಲ್ಲ. ಚೀವಿತಾದಲ್ಲಿಯೂ ಊರು ಕಿರಿದಾದುದು ಹೀಗೆ ಅಂಚಿನಿಂದ ಒಳಕ್ಕೆ. ಅದರ ನಡುವಿನ ಬಯಲೂ ಇಗರ್ಜಿಯೂ ಉಳಿದು, ಸುತ್ತಣ ಬೀದಿಗಳು ಇಲ್ಲವಾದುವು.

ಜನರು ಹೊರಟುಹೋದುದು

1695ರ ಜೂನ್ 11ರಂದು ಈ ಪ್ರದೇಶದಲ್ಲಿ ಭೂಕಂಪವಾಯಿತು. ಮೊದಲೇ ಬಿರುಕು ಬಿಟ್ಟಿದ್ದ ಗುಡ್ಡಕ್ಕೆ ಅದು ದೊಡ್ಡ ಪೆಟ್ಟು. ಮನೆಗಳು ಉರುಳಿದುವು, ನೆರೆಯ ನೆಲಕ್ಕೂ ಊರಿಗೂ ನಡುವೆ ಇದ್ದ ಮಣ್ಣಿನ ಏಣು ಹಾಳಾಯಿತು. ಅಲ್ಲಿಯವರೆಗೆ ಚೀವಿತಾ ಬಿಷಪರ ಪೀಠವಿದ್ದ ಮುಖ್ಯ ಪಟ್ಟಣ. ಇಂದಿನ ಬಾನ್ಯೊರೇಜೊ ಅದರ ಒಂದು ಹೊರಕೇರಿ ಮಾತ್ರ. ಭೂಕಂಪದ ತರುವಾಯ ಈ ಸ್ಥಾನಗಳು ಅದಲುಬದಲಾದುವು. ಅಧಿಕಾರಿಗಳೂ ಪಾದ್ರಿಗಳೂ ಅನುಕೂಲವಿದ್ದ ಮನೆತನಗಳೂ ಹೊರಕೇರಿಗೆ ಹೋದರು; 1699ರಲ್ಲಿ ಬಿಷಪರ ಪೀಠವೂ ಅಲ್ಲಿಗೆ ಸಾಗಿತು. ಗುಡ್ಡದ ಮೇಲೆ ಉಳಿದವರು ಬಹುಮಟ್ಟಿಗೆ ಬಡ ರೈತರು.

ಏಣು ಮಳೆಮಳೆಗೂ ತಗ್ಗುತ್ತ ಬಂದು ಕೊನೆಗೆ ಸೇತುವೆಯಿಲ್ಲದೆ ಊರು ತಲಪುವುದು ಕಷ್ಟವಾಯಿತು. ಕಟ್ಟಿದ ಸೇತುವೆಯನ್ನು ಎರಡನೆಯ ಮಹಾಯುದ್ಧದಲ್ಲಿ ಹಿಂದೆಗೆಯುತ್ತಿದ್ದ ಜರ್ಮನ್ ಸೈನ್ಯ ಸಿಡಿಮದ್ದಿನಿಂದ ಮುರಿಯಿತು. ನಾವು ಹತ್ತಿ ಬಂದ ಸೇತುವೆ 1965ರಲ್ಲಿ ಆದುದು. ಅಷ್ಟರಲ್ಲಿ ತಗ್ಗಿನ ಪಟ್ಟಣಗಳಲ್ಲಿ ಕೆಲಸ, ಶಾಲೆ, ವೈದ್ಯ ಎಲ್ಲವೂ ದೊರೆಯುತ್ತಿದ್ದುದರಿಂದ ತರುಣರು ಗುಡ್ಡವನ್ನು ಬಿಟ್ಟರು. ಈಗ ವರ್ಷವಿಡೀ ಅಲ್ಲಿ ವಾಸಿಸುವವರು ಇಪ್ಪತ್ತು ಮಂದಿಗಿಂತ ಕಡಿಮೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಜನರು ಹೋದುದರಿಂದಲೇ ಊರಿನ ಹಳೆಯ ರೂಪ ಉಳಿಯಿತು. ರಸ್ತೆಯನ್ನು ಅಗಲ ಮಾಡುವವರಿರಲಿಲ್ಲ. ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟುವವರಿರಲಿಲ್ಲ. ಮೋಟಾರುಗಾಡಿ ಬರುವ ದಾರಿಯೇ ಇರಲಿಲ್ಲ. ಬೇರೆ ಊರುಗಳಲ್ಲಿ ಏಳಿಗೆ ಅಳಿಸಿಹಾಕಿದ ಮಧ್ಯಯುಗವು ಇಲ್ಲಿ ಬಡತನದ ಕಾವಲಿನಲ್ಲಿ ನಿಂತಿತು.

ಬದುಕಿಸುವ ಯತ್ನ

ಗುಡ್ಡವನ್ನು ಕಾಪಾಡುವ ಕೆಲಸವನ್ನು ಇಂಜಿನಿಯರುಗಳು ಕೆಳಗಿನಿಂದಲೂ ಮೇಲಿನಿಂದಲೂ ನಡೆಸಿದ್ದಾರೆ. ಕೆಳಗೆ ತೊರೆಗಳಿಗೆ ಅಡ್ಡಲಾಗಿ ಚಿಕ್ಕ ಚಿಕ್ಕ ಕಟ್ಟೆಗಳನ್ನು ಹಾಕಿದರು. ಇದರಿಂದ ನೀರಿನ ರಭಸ ತಗ್ಗಿ, ಕಟ್ಟೆಯ ಹಿಂದೆ ಮಣ್ಣು ತಂಗಿ, ಕಣಿವೆಯ ತಳ ಮತ್ತಷ್ಟು ಆಳವಾಗುವುದು ತಪ್ಪುತ್ತದೆ. ಇಳಿಜಾರುಗಳಲ್ಲಿ ಗಿಡ ನೆಟ್ಟರು. ಮೇಲೆ, ಬಿರುಕು ಬಿಟ್ಟ ಅಂಚನ್ನು ಒಳಗಿನ ಗಟ್ಟಿ ಬಂಡೆಗೆ ಬಿಗಿಯಲು ಉದ್ದವಾದ ಉಕ್ಕಿನ ಸರಳುಗಳನ್ನು ತೂರಿಸಿದರು. ಕೆಲವೆಡೆ ಅಂಚಿನ ಹಿಂದೆ ಬಾವಿಗಳನ್ನು ತೋಡಿ, ಕಾಂಕ್ರೀಟಿನ ಕಂಬಗಳನ್ನಾಗಿ ಮಾಡಿ, ಸರಳುಗಳನ್ನು ಅವುಗಳಿಗೆ ಕಟ್ಟಿದರು. ಬಂಡೆಯ ಮುಖವನ್ನು ಸಿಮೆಂಟಿನಿಂದ ಮುಚ್ಚದೆ ಒಳಗಿನಿಂದಲೇ ಹಿಡಿದು ನಿಲ್ಲಿಸುವುದು ಈ ಉಪಾಯದ ಹೆಚ್ಚುಗಾರಿಕೆ.

ಇದರ ಜೊತೆಗೆ ಅಳತೆಯ ಕೆಲಸವೂ ನಡೆಯುತ್ತಿದೆ. ಬಿರುಕುಗಳ ಎರಡು ದಡಗಳಿಗೂ ಮಾಪಕಗಳನ್ನು ಜೋಡಿಸಿ, ಅವು ಕೂದಲೆಳೆಯಷ್ಟು ಸರಿದರೂ ತಿಳಿಯುವಂತೆ ಮಾಡಿದ್ದಾರೆ. ಬೀಳುವ ಬಂಡೆ ಹೇಳದೆ ಬೀಳುವುದಿಲ್ಲ. ಬೀಳುವ ಮೊದಲು ಅದು ಮೆಲ್ಲನೆ ಚಲಿಸುತ್ತದೆ. ಆ ಚಲನೆಯನ್ನು ಓದಿಕೊಂಡರೆ ಜನರನ್ನು ಪಾರುಮಾಡಲು ಸಮಯ ದೊರೆಯುವುದು. 2012ರಲ್ಲಿ ಊರಿನ ಹಳೆಯ ಮಹಲೊಂದರಲ್ಲಿ ಭೂವಿಜ್ಞಾನಕ್ಕೂ ಭೂಕುಸಿತಗಳಿಗೂ ಮೀಸಲಾದ ವಸ್ತುಸಂಗ್ರಹಾಲಯವನ್ನು ತೆರೆದರು. ತನ್ನನ್ನು ಬೀಳಿಸುವ ಶಕ್ತಿಗಳ ಪಾಠವನ್ನು ಊರೇ ಬಂದವರಿಗೆ ಹೇಳುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ಗುಡ್ಡ ಉಳಿಯುವುದೆ? ಭೂವಿಜ್ಞಾನಿಗಳು ಹಾಗೆ ಮಾತು ಕೊಡುವುದಿಲ್ಲ. ಸವೆತವನ್ನು ನಿಧಾನಗೊಳಿಸಬಹುದು; ನಿಲ್ಲಿಸಲಾಗದು. ಒಂದು ಅಂಚನ್ನು ಬಿಗಿದರೆ ಇನ್ನೊಂದು ಅಂಚು ಕೆಲಸ ಕೇಳುತ್ತದೆ. ಸರಳುಗಳೂ ಕಟ್ಟೆಗಳೂ ತಾವೇ ಹಳೆಯದಾಗುತ್ತವೆ. ಅವುಗಳ ಪೋಷಣೆಗೆ ಹಣ ಬೇಕು. ಓರ್ವಿಯೇತೊವಿನ ಬಂಡೆಯೂ ಇದೇ ವ್ಯಾಧಿಗೆ ಗುರಿಯಾದಾಗ 1978ರಲ್ಲಿ ಇಟಲಿಯ ಸರಕಾರ ಅದನ್ನು ಬಲಪಡಿಸಲು ವಿಶೇಷವಾದ ಶಾಸನವನ್ನೇ ಮಾಡಿತು. ಅಲ್ಲಿ ಸಾವಿರಾರು ಜನರ ವಾಸವಿದೆ. ಇಪ್ಪತ್ತು ಮಂದಿಯೂ ಇಲ್ಲದ ಗುಡ್ಡಕ್ಕೆ ಇಷ್ಟು ವ್ಯಯವೇಕೆ ಎಂಬ ಪ್ರಶ್ನೆ ನ್ಯಾಯವಾದುದೇ.

ಚೀವಿತಾ ಇದಕ್ಕೆ ತನ್ನದೇ ಒಂದು ಉತ್ತರವನ್ನು ಹುಡುಕಿಕೊಂಡಿತು. 2013ರಲ್ಲಿ ಪುರಸಭೆಯು ಸೇತುವೆ ದಾಟಿ ಬರುವ ಪ್ರವಾಸಿಗಳಿಂದ ಒಂದೂವರೆ ಯೂರೋ ಶುಲ್ಕವನ್ನು ವಸೂಲು ಮಾಡಲಾರಂಭಿಸಿತು. ಮುಂದೆ ಅದನ್ನು ಹೆಚ್ಚಿಸಿತು. ಶುಲ್ಕಕ್ಕೆ ಹೆದರಿ ಜನ ಕಡಿಮೆಯಾಗಲಿಲ್ಲ. ಕೆಲವೇ ವರ್ಷಗಳಲ್ಲಿ ಪ್ರವಾಸಿಗಳ ಸಂಖ್ಯೆ ವರ್ಷಕ್ಕೆ ಲಕ್ಷಗಳನ್ನು ಮುಟ್ಟಿತು. ಸಾಯುವ ಮುನ್ನ ಒಮ್ಮೆ ನೋಡಿಬಿಡೋಣವೆಂದು ಬರುವವರೇ ಊರಿನ ಜೀವನೋಪಾಯವಾದರು. ಇದರಲ್ಲಿ ಅಪಾಯವೂ ಇಲ್ಲದಿಲ್ಲ. ಬೇಸಗೆಯ ಮಧ್ಯಾಹ್ನ ಓಣಿಗಳು ತುಂಬಿ ತುಳುಕುತ್ತವೆ, ಮನೆಗಳು ಅತಿಥಿಗೃಹಗಳಾಗುತ್ತವೆ, ಸಂಜೆ ಸೇತುವೆಯ ಮೇಲಿನ ಕೊನೆಯ ಗುಂಪು ಇಳಿದುಹೋದ ಮೇಲೆ ಕಿಟಕಿಗಳಲ್ಲಿ ಕಾಣುವ ದೀಪಗಳು ಕೆಲವೇ. ಗುಡ್ಡವನ್ನು ಉಕ್ಕಿನ ಸರಳಿನಿಂದ ಬಿಗಿಯಬಹುದು. ಜನರನ್ನು ಬಿಗಿಯುವ ಸರಳನ್ನು ಯಾವ ಇಂಜಿನಿಯರನೂ ಕಂಡುಹಿಡಿದಿಲ್ಲ.

ಈ ಊರಿನ ಒಂದು ಆಚರಣೆಯನ್ನು ಹೇಳಿ ಪಾಠವನ್ನು ಮುಗಿಸುತ್ತೇವೆ. ಸಂತ ದೊನಾತೊನ ಇಗರ್ಜಿಯಲ್ಲಿ ಹದಿನೈದನೆಯ ಶತಮಾನದ ಮರದ ಶಿಲುಬೆಮೂರ್ತಿಯೊಂದಿದೆ. ಪ್ರತಿ ವರ್ಷ ಶುಭ ಶುಕ್ರವಾರದಂದು ಅದನ್ನು ಹೊತ್ತು, ಸೇತುವೆಯ ಮೇಲೆ ಇಳಿದು, ಬಾನ್ಯೊರೇಜೊವಿನ ಮೆರವಣಿಗೆಗೆ ಒಯ್ಯುತ್ತಾರೆ. ಮಧ್ಯರಾತ್ರಿಯೊಳಗೆ ಮೂರ್ತಿ ಗುಡ್ಡಕ್ಕೆ ಮರಳದಿದ್ದರೆ ಅದು ಎಂದೆಂದಿಗೂ ಬಾನ್ಯೊರೇಜೊವಿನದಾಗುವುದೆಂದು ಹಳೆಯ ನಂಬಿಕೆ. ಬಿಷಪರ ಪೀಠ ಹೋದ ದಾರಿ ಅದು. ಜನರು ಹೋದ ದಾರಿಯೂ ಅದೇ. ಆದುದರಿಂದ ಮೆರವಣಿಗೆ ಮುಗಿದ ಕೂಡಲೆ ಹೊತ್ತವರು ಹೊತ್ತು ನೋಡಿಕೊಂಡು, ಕಡಿದಾದ ಸೇತುವೆಯನ್ನು ಮತ್ತೆ ಹತ್ತಿ, ಮೂರ್ತಿಯನ್ನು ಅದರ ಸ್ಥಾನಕ್ಕೆ ತಲಪಿಸುತ್ತಾರೆ. ಕೆಳಗೆ ಕತ್ತಲೆಯಲ್ಲಿ ತೊರೆಗಳು ಜೇಡಿಯನ್ನು ಒಯ್ಯುತ್ತಲೇ ಇರುತ್ತವೆ.